ಬುತ್ತಿಯ ಗಂಟು

ಮಾನವನ ಮೊದಲನೆಯ ಅಗತ್ಯ ಅನ್ನ. ಅನ್ನವೆಂದರೆ ಅಕ್ಕಿಯಿಂದ ಮಾಡಿದ ಅನ್ನವೆಂದಷ್ಟೇ ಅರ್ಥವಲ್ಲ. ಹಸಿದವನ ಮುಂದೆ ಬಂದು ಅವನ ಜೀವವನ್ನು ಹಿಡಿದು ನಿಲ್ಲಿಸುವುದೆಲ್ಲವೂ ಅನ್ನವೇ. ಒಂದು ನಾಡಿನ ಜನರು ಏನನ್ನು ಉಣ್ಣುತ್ತಾರೆಂಬುದು ಆ ನಾಡಿನ ಮಣ್ಣು, ಮಳೆ ಮತ್ತು ದುಡಿಮೆಗಳಿಂದ ನಿರ್ಧಾರವಾಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ರೈತನು ಮುಂಜಾನೆ ಹೊಲಕ್ಕೆ ಹೊರಡುವಾಗ ಒಯ್ಯುವ ಬುತ್ತಿಯ ಗಂಟನ್ನು ಬಿಚ್ಚಿ ನೋಡಿದರೆ ಆ ಸೀಮೆಯ ಭೂಗೋಳ, ಚರಿತ್ರೆಗಳೆರಡೂ ಅದರೊಳಗೆ ಕಾಣುತ್ತವೆ.

ಆ ಗಂಟಿನಲ್ಲಿರುವುದೇನು? ಎರಡು ಮೂರು ಜೋಳದ ರೊಟ್ಟಿ, ಒಂದಿಷ್ಟು ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ, ಒಂದು ಹಸಿಮೆಣಸಿನಕಾಯಿ. ಇದ್ದವರ ಮನೆಯ ಬುತ್ತಿಯಾದರೆ ಜೊತೆಗೆ ಗಟ್ಟಿ ಮೊಸರು. ಇದರಲ್ಲಿ ಮಾಂಸವಿಲ್ಲ; ಎಷ್ಟೋ ವೇಳೆ ಹಾಲು ಮೊಸರುಗಳೂ ಇಲ್ಲ. ಈ ಸೀಮೆಯಲ್ಲಿ ಮಾಂಸಾಹಾರಿಗಳು ಇಲ್ಲವೆಂದಲ್ಲ. ಆದರೆ ಅವರಲ್ಲಿಯೂ ಬಹುಮಂದಿಗೆ ಮಾಂಸವು ಹಬ್ಬ ಹುಣ್ಣಿಮೆಯ ಊಟ. ದಿನನಿತ್ಯದ ಊಟವು ರೊಟ್ಟಿ, ಕಾಳು, ಸೊಪ್ಪುಗಳದೇ. ಹಾಲನ್ನೂ ಸೇರಿಸಿ ಪ್ರಾಣಿಮೂಲದ ಯಾವುದನ್ನೂ ಮುಟ್ಟದವರನ್ನು ಇಂದು 'ವೀಗನ್' ಎಂದು ಕರೆಯುತ್ತಾರೆ. ಈ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಆ ಹೆಸರನ್ನು ಕೇಳದ ಎಷ್ಟೋ ಬಡ ಕುಟುಂಬಗಳು ಅದಕ್ಕೂ ಮೊದಲೇ ಅಂತಹ ಊಟವನ್ನು ಉಂಡು ನೇಗಿಲು ಹಿಡಿದಿದ್ದವು. ಅವರಿಗೆ ಅದು ವ್ರತವಾಗಿರಲಿಲ್ಲ, ಇದ್ದುದರಲ್ಲಿ ಬಾಳುವ ಬಗೆಯಾಗಿತ್ತು.

ಸಸ್ಯಾಹಾರದ ಚಿಂತನೆಗೆ ಈ ಮಣ್ಣಿನಲ್ಲಿ ಹಳೆಯ ಬೇರುಗಳಿವೆ. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಅದು ಜೈನರ ಮಹಾತೀರ್ಥವೆಂದು ಖ್ಯಾತವಾಗಿತ್ತು. ಇಲ್ಲಿನ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಕಿರುಶಾಸನಗಳಿವೆ. ಬೇರೆಡೆ ದೊರೆತ ತನ್ನ ಮೊದಲನೆಯ ಬಂಡೆಶಾಸನದಲ್ಲಿ ಅದೇ ಚಕ್ರವರ್ತಿಯು, ಹಿಂದೆ ಅರಮನೆಯ ಅಡುಗೆಗಾಗಿ ದಿನವೂ ಲಕ್ಷಾಂತರ ಪ್ರಾಣಿಗಳ ವಧೆಯಾಗುತ್ತಿದ್ದಿತೆಂದೂ, ಈಗ ಎರಡು ನವಿಲು ಮತ್ತು ಒಂದು ಜಿಂಕೆಗೆ ಅದು ಇಳಿದಿದೆಯೆಂದೂ, ಮುಂದೆ ಅದೂ ನಿಲ್ಲುವುದೆಂದೂ ಹೇಳಿಕೊಂಡಿದ್ದಾನೆ. ಕನ್ನಡದಲ್ಲಿ ಅಡುಗೆಯ ಶಾಸ್ತ್ರಕ್ಕೂ ದೀರ್ಘವಾದ ಪರಂಪರೆಯುಂಟು. ಸುಮಾರು 1025ರಲ್ಲಿ ರಚಿತವಾದ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕಶಾಸ್ತ್ರಕ್ಕೆ ಒಂದು ಅಧ್ಯಾಯ ಮೀಸಲಾಗಿದೆ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದನು. ಅಡುಗೆಯು ಕವಿಯ ಲೇಖನಿಗೂ ಯೋಗ್ಯವಾದ ವಸ್ತುವೆಂದು ನಮ್ಮ ಹಿರಿಯರು ಬಗೆದಿದ್ದರು.

ಈಗ ನೆಲದ ಕಡೆಗೆ ನೋಡೋಣ. ಕುಷ್ಟಗಿ, ಯಲಬುರ್ಗಾಗಳು ಮಳೆಯನ್ನು ನಂಬಿದ ಸೀಮೆ. ಮಳೆಗಾಲದ ಕೊನೆಯಲ್ಲಿ ಕಪ್ಪು ನೆಲ ಹೀರಿಟ್ಟುಕೊಂಡ ತೇವದಲ್ಲಿಯೇ ಹಿಂಗಾರಿ ಜೋಳ ಬೆಳೆದು, ಚಳಿಯ ಇಬ್ಬನಿಯಲ್ಲಿ ತೆನೆ ತುಂಬುತ್ತದೆ. ಕೆಂಪು ನೆಲದಲ್ಲಿ ಸಜ್ಜೆ, ಹೆಸರು, ತೊಗರಿ, ಶೇಂಗಾಗಳು ಬರುತ್ತವೆ. ಜೋಳದ ಸಾಲುಗಳ ನಡುವೆ ಅಕ್ಕಡಿಯಾಗಿ ಕಡಲೆ, ಕುಸುಬೆ, ಅಗಸೆ. ಬದುವಿನ ಅಂಚಿನಲ್ಲಿ ಪುಂಡಿ. ಹೀಗೆ ಒಂದೇ ಹೊಲವು ಧಾನ್ಯ, ಕಾಳು, ಎಣ್ಣೆ, ಸೊಪ್ಪುಗಳನ್ನು ಕೊಡುತ್ತದೆ. ಊಟಕ್ಕೆ ಬೇಕಾದುದೆಲ್ಲವೂ ಅಡುಗೆಮನೆಗೆ ಬರುವ ಮೊದಲೇ ಹೊಲದಲ್ಲಿ ಜೊತೆಗೂಡಿರುತ್ತದೆ.

ಈ ಜೊತೆಗೂಡುವಿಕೆಯಲ್ಲಿಯೇ ತೃಪ್ತಿಯ ರಹಸ್ಯವಿದೆ. ದೇಹದ ಬೆಳವಣಿಗೆಗೆ ಸಸಾರಜನಕ, ಅಂದರೆ ಪ್ರೋಟೀನು, ಬೇಕು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಬೇಳೆಕಾಳುಗಳಲ್ಲಿ 22ರಿಂದ 24 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿರುತ್ತದೆ. ಆದರೆ ಪ್ರಮಾಣವೊಂದೇ ಸಾಲದು. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಕಾಳುಗಳಲ್ಲಿ ಅದು ಹೆಚ್ಚು. ಕಾಳುಗಳಲ್ಲಿ ಮೆಥಿಯೋನಿನ್ ಎಂಬುದು ಕಡಿಮೆ. ಜೋಳ ಮತ್ತು ಎಳ್ಳು ಆ ಕೊರತೆಯನ್ನು ನೀಗುತ್ತವೆ. ರೊಟ್ಟಿಯೊಂದಿಗೆ ಕಾಳುಪಲ್ಯವನ್ನು ಉಂಡಾಗ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಮೂರು ಪಾಲು ಧಾನ್ಯಕ್ಕೆ ಸುಮಾರು ಒಂದು ಪಾಲು ಬೇಳೆಕಾಳು ಇರಬೇಕೆಂಬುದು ಒಳ್ಳೆಯ ಲೆಕ್ಕ. ಜೋಳದ ನಾರು ಬೇಗ ಹಸಿವಾಗದಂತೆ ತಡೆಯುತ್ತದೆ. ಶೇಂಗಾ, ಗುರೆಳ್ಳು, ಅಗಸೆಗಳ ಎಣ್ಣೆಯಂಶ ಊಟಕ್ಕೆ ಬಲವನ್ನೂ ರುಚಿಯನ್ನೂ ಕೊಡುತ್ತದೆ. ರೊಟ್ಟಿಯನ್ನು ಅಗಿದು ನುಂಗಬೇಕು; ಅವಸರದಿಂದ ಉಣ್ಣುವಂತಿಲ್ಲ. ಹೊಲದಲ್ಲಿ ದುಡಿಯುವವನು ಸಂಜೆಯವರೆಗೆ ಬಳಲದೆ ನಿಲ್ಲುವುದು ಇವುಗಳ ಬಲದಿಂದ.

ಪದಾರ್ಥವಿದ್ದ ಮಾತ್ರಕ್ಕೆ ಊಟವಾಗದು. ಹದವನ್ನು ಅರಿತ ಕೈ ಬೇಕು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಒಡೆಯುತ್ತದೆ. ಆದುದರಿಂದ ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ಎಸರನ್ನು ಹೊಯ್ಯುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟವು ಉಬ್ಬಿ ಜಿಗುಟಾಗುತ್ತದೆ. ಚೆನ್ನಾಗಿ ನಾದಿ, ಉಂಡೆ ಮಾಡಿ, ಒಣಹಿಟ್ಟಿನ ಮೇಲೆ ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಹೋದರೆ ರೊಟ್ಟಿ ಹರಡುತ್ತದೆ. ಕಾದ ಹಂಚಿನ ಮೇಲೆ ಹಾಕಿ, ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರುತ್ತಲೇ ಮಗುಚಬೇಕು. ಆಗ ಒಳಗಿನ ಆವಿ ಎರಡು ಪದರಗಳನ್ನು ಬೇರ್ಪಡಿಸಿ ರೊಟ್ಟಿಯನ್ನು ಉಬ್ಬಿಸುತ್ತದೆ. ಹಿಟ್ಟು ಹಳತಾದರೆ ಜಿಗುಟು ಕಡಿಮೆಯಾಗುವುದರಿಂದ ಆಗಾಗ ಸ್ವಲ್ಪ ಸ್ವಲ್ಪವೇ ಬೀಸಿಕೊಳ್ಳುವುದು ರೂಢಿ. ತೆಳ್ಳಗೆ ತಟ್ಟಿ ತೇವವಿಲ್ಲದಂತೆ ಸುಟ್ಟ ಕಟಕ ರೊಟ್ಟಿಯಾದರೆ ವಾರಗಟ್ಟಲೆ ಕೆಡದು.

ರೊಟ್ಟಿಗೆ ಜೊತೆಯಾಗುವ ಪಲ್ಯಗಳೂ ವಿವೇಕದಿಂದ ಹುಟ್ಟಿದವು. ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿಗಳ ಪುಡಿಗೆ ಹುಣಸೆಹುಳಿ, ಬೆಲ್ಲ, ಖಾರ ಬೆರೆಸಿ ತುಂಬಿ, ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬೇಯಿಸಿದರೆ ಎಣ್ಣೆಗಾಯಿ. ಹುಳಿಯಾದ ಪುಂಡಿಸೊಪ್ಪನ್ನು ತೊಗರಿಬೇಳೆ, ಜೋಳದ ನುಚ್ಚುಗಳೊಡನೆ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಪುಂಡಿಪಲ್ಯ. ಮನೆಯಲ್ಲಿ ತರಕಾರಿಯೇ ಇಲ್ಲದ ದಿನ ಕಡಲೆಹಿಟ್ಟಿನಿಂದ ಗಳಿಗೆಯೊಳಗೆ ಝುಣಕ ಸಿದ್ಧವಾಗುತ್ತದೆ. ಹೊಲದಲ್ಲಿ ತಾನಾಗಿ ಬೆಳೆಯುವ ಹಕ್ಕರಿಕೆ ಸೊಪ್ಪನ್ನು ತೊಳೆದು ಹಸಿಯಾಗಿಯೇ ಉಣ್ಣುತ್ತಾರೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಅದರಲ್ಲಿ 'ಸಿ' ಜೀವಸತ್ವ ಹುಟ್ಟುತ್ತದೆ. ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುವ ಅಂಶವೂ ತಗ್ಗುತ್ತದೆ. ಹಿಂದಿನ ರಾತ್ರಿ ಹುಳಿಗಿಟ್ಟು ಕುದಿಸಿದ ಜೋಳದ ಅಂಬಲಿಯಿಂದ ಆಗುವ ಉಪಕಾರವೂ ಇಂತಹುದೇ. ಪಲ್ಯದ ಮೇಲೆ ನಿಂಬೆಹಣ್ಣನ್ನು ಹಿಂಡಿಕೊಳ್ಳುವುದು ರುಚಿಗಾಗಿ ಎಂದು ಕಾಣುವುದಾದರೂ, ಸೊಪ್ಪು ಕಾಳುಗಳ ಕಬ್ಬಿಣಾಂಶವು ರಕ್ತಗತವಾಗಲು ಅದು ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹವಾದರೋ ಅದಕ್ಕೆ ಅಡ್ಡಿಯಾಗುತ್ತದೆ.

ಈ ಊಟವು ಹಬ್ಬದಲ್ಲಿ ತನ್ನ ವೈಭವವನ್ನು ಮೆರೆಯುತ್ತದೆ. ಎಳ್ಳಮಾವಾಸ್ಯೆಯ ದಿನ ರೈತ ಕುಟುಂಬಗಳು ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಾಳುಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಮೊದಲ ತುತ್ತು ಉಣ್ಣುವವರದಲ್ಲ, ಭೂಮಿಯದು. ಅದನ್ನು ಬೆಳೆಯ ನಡುವೆ ಚೆಲ್ಲುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಜನವರಿಯ ಸುಮಾರಿಗೆ ನಡೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರಾಮಹೋತ್ಸವದ ದಾಸೋಹವಂತೂ ಪ್ರಸಿದ್ಧವಾದುದು. ಜಾತ್ರೆಗೆ ವಾರಗಳ ಮೊದಲೇ ಹಳ್ಳಿ ಹಳ್ಳಿಗಳಲ್ಲಿ ಮನೆಯ ಹೆಣ್ಣುಮಕ್ಕಳು ರೊಟ್ಟಿ ತಟ್ಟತೊಡಗುತ್ತಾರೆ. ಊರೆಲ್ಲ ಕೂಡಿಸಿದ ರೊಟ್ಟಿ ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಮಠಕ್ಕೆ ಬರುತ್ತದೆ. ಹೀಗೆ ಸೇರುವ ಲಕ್ಷಾಂತರ ರೊಟ್ಟಿಗಳು, ಪಲ್ಯ, ಶೇಂಗಾ ಚಟ್ನಿ, ಮಾದಲಿ ಇವುಗಳಿಂದ ಜಾತ್ರೆಗೆ ಬಂದ ಜನಸಾಗರದ ಹಸಿವು ತಣಿಯುತ್ತದೆ. ಯಾರ ಮನೆಯ ರೊಟ್ಟಿ ಯಾರ ಕೈಯಲ್ಲಿ ಸೇರಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಆದರೆ ಕಾಲ ಬದಲಾಗಿದೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿಯತೊಡಗಿದ ಬಳಿಕ ಗಂಗಾವತಿಯು ಭತ್ತದ ಕಣಜವಾಯಿತು. ಆ ನೀರು ಎಷ್ಟೋ ಮನೆಗಳ ಬಡತನವನ್ನು ನೀಗಿತು, ಅದನ್ನು ಹಳಿಯುವಂತಿಲ್ಲ. ಆದರೆ ಅದರೊಂದಿಗೆ ಪಾಲಿಷ್ ಮಾಡಿದ ಬಿಳಿಯ ಅಕ್ಕಿಯು ಒಣಸೀಮೆಯ ಮನೆಗಳಲ್ಲಿಯೂ ರೊಟ್ಟಿಯ ಸ್ಥಾನವನ್ನು ಆಕ್ರಮಿಸಿತು. ಒಂದು ಬುಟ್ಟಿ ರೊಟ್ಟಿ ತಟ್ಟುವ ಹೊತ್ತಿನಲ್ಲಿ ಮೂರು ಸಲ ಅನ್ನ ಮಾಡಬಹುದು. ಅನ್ನದ ಮೇಲೆ ತಿಳಿಸಾರನ್ನು ಸುರಿದುಕೊಂಡು ಉಂಡರೆ ಹೊಟ್ಟೆ ತುಂಬಿದಂತಾಗುತ್ತದೆ, ಆದರೆ ದೇಹದ ಹಸಿವು ಉಳಿಯುತ್ತದೆ. ಮಾಂಸವನ್ನು ಬಿಟ್ಟ ಮಾತ್ರಕ್ಕೆ ಸಸ್ಯಾಹಾರವು ಪೂರ್ಣವಾಗುವುದಿಲ್ಲ. ಬಿಟ್ಟ ಪದಾರ್ಥದ ಸ್ಥಳದಲ್ಲಿ ಏನನ್ನು ಇಟ್ಟೆವೆಂಬುದು ಮುಖ್ಯ.

ಇದು ಬರಿಯ ಮಾತಲ್ಲ. 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರವು ಕೊಪ್ಪಳವೂ ಸೇರಿದಂತೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆಯನ್ನೂ, ಅದನ್ನು ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನೂ ಕೊಡತೊಡಗಿತು. ಮಕ್ಕಳಲ್ಲಿ ಕಂಡುಬಂದ ಅಪೌಷ್ಟಿಕತೆ, ರಕ್ತಹೀನತೆಗಳೇ ಅದಕ್ಕೆ ಕಾರಣ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದ್ದರೆ ಒಂದು ಬಾಳೆಹಣ್ಣಿನಲ್ಲಿರುವುದು ಸುಮಾರು 1 ಗ್ರಾಂ ಮಾತ್ರ. ಮೊಟ್ಟೆ ತಿನ್ನದ ಮಗುವಿಗೆ ಮನೆಯ ಊಟದಲ್ಲಿ ಆ ಅಂತರವು ತುಂಬಬೇಕು. ಒಂದು ಹಿಡಿ, ಎಂದರೆ 25 ಗ್ರಾಂ, ಶೇಂಗಾದಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. ಹಿತ್ತಿಲಿನ ನುಗ್ಗೆಸೊಪ್ಪು, ಹೊಲದ ಹೆಸರುಕಾಳು, ಡಬ್ಬಿಯ ಗುರೆಳ್ಳುಪುಡಿ ಇವು ದುಬಾರಿಯಾದ ಔಷಧಗಳಲ್ಲ. ಒಂದು ವಿಷಯವನ್ನು ಮಾತ್ರ ಮರೆಯಬಾರದು. 'ಬಿ-12' ಎಂಬ ಜೀವಸತ್ವವು ಸಸ್ಯಾಹಾರದಲ್ಲಿ ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದ. ಸಸ್ಯಗಳಿಂದ ಅದು ದೊರೆಯದು. ಹಾಲನ್ನೂ ಬಿಟ್ಟವರು ಆ ಜೀವಸತ್ವವನ್ನು ಸೇರಿಸಿದ ಆಹಾರವನ್ನೋ, ವೈದ್ಯರ ಸಲಹೆಯಂತೆ ಮಾತ್ರೆಯನ್ನೋ ತೆಗೆದುಕೊಳ್ಳಬೇಕಾಗುತ್ತದೆ.

ರೊಟ್ಟಿ ಹಿಂದೆ ಸರಿದುದಕ್ಕೆ ಮತ್ತೊಂದು ಕಾರಣವೂ ಇದೆ. ಹೊಲದ ದುಡಿಮೆಯಿಂದ ದಣಿದು ಬಂದ ತಾಯಿಯೇ ಮತ್ತೆ ಒಲೆಯ ಮುಂದೆ ಕುಳಿತು ಹತ್ತಾರು ರೊಟ್ಟಿ ತಟ್ಟಬೇಕು. ಎಲ್ಲರಿಗೂ ಬಡಿಸಿ ಉಳಿದುದನ್ನು ಕೊನೆಯಲ್ಲಿ ತಾನು ಉಣ್ಣಬೇಕು. ಪಲ್ಯ ತೀರಿದ್ದರೆ ಅವಳ ಪಾಲಿಗೆ ಬರಿಯ ರೊಟ್ಟಿ ಖಾರ. ಮನೆಮಂದಿಯ ದೇಹವನ್ನು ಪೋಷಿಸಿದವಳಲ್ಲಿಯೇ ರಕ್ತಹೀನತೆ ಕಾಣಿಸಿಕೊಂಡರೆ ಆ ಊಟವನ್ನು ಹೊಗಳಿ ಫಲವೇನು? ಕಾಳನ್ನು ನೆನೆಸುವುದು, ಸೊಪ್ಪನ್ನು ಸೋಸುವುದು, ಶೇಂಗಾ ಹುರಿದು ಕುಟ್ಟುವುದು, ಹಂಚಿನ ಮೇಲಿನ ರೊಟ್ಟಿಯನ್ನು ಮಗುಚುವುದು ಇವು ಗಂಡುಮಕ್ಕಳಿಗೆ ಬಾರದ ವಿದ್ಯೆಗಳೇನಲ್ಲ. ಕೈಗಳು ಹೆಚ್ಚಿದರೆ ಹೊರೆ ಹಗುರವಾಗುತ್ತದೆ. ಮನೆಯವರೆಲ್ಲರೂ ಒಟ್ಟಿಗೆ ಕುಳಿತರೆ ಪಲ್ಯ ಎಲ್ಲರಿಗೂ ಮುಟ್ಟುತ್ತದೆ.

ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅಂದಿನಿಂದ ಜೋಳ, ಸಜ್ಜೆ, ನವಣೆಗಳಿಗೆ ದೂರದ ನಗರಗಳಲ್ಲಿಯೂ ಆದರ ದೊರೆಯುತ್ತಿದೆ. ಜಗತ್ತು ಈಗ ಆದರಿಸುತ್ತಿರುವ ಧಾನ್ಯವು ಈ ಸೀಮೆಯ ಬುತ್ತಿಯಲ್ಲಿ ತಲೆಮಾರುಗಳಿಂದ ಇದೆ. ಅದನ್ನು ಬಡವರ ಊಟವೆಂದು ಕೀಳಾಗಿ ಕಾಣಬೇಕಾಗಿಲ್ಲ; ಹಳೆಯದೆಂಬ ಕಾರಣದಿಂದ ಕುರುಡಾಗಿ ಪೂಜಿಸಬೇಕಾಗಿಯೂ ಇಲ್ಲ. ಅದರ ಗುಣವನ್ನು ಅರಿತು, ಕೊರತೆಯನ್ನು ತುಂಬಿ, ಮಾಡುವ ಶ್ರಮವನ್ನು ಹಂಚಿಕೊಂಡು ಉಣ್ಣುವುದೇ ಅದಕ್ಕೆ ಸಲ್ಲುವ ಗೌರವ.

ಅಭ್ಯಾಸ

ಶಬ್ದಾರ್ಥ
ಅಕ್ಕಡಿ – ಮುಖ್ಯ ಬೆಳೆಯ ಸಾಲುಗಳ ನಡುವೆ ಬಿತ್ತುವ ಬೆಳೆ. ಎಸರು – ಕುದಿಯುವ ನೀರು. ಗುರೆಳ್ಳು – ಹುಚ್ಚೆಳ್ಳು. ಸೂಪಶಾಸ್ತ್ರ – ಅಡುಗೆಯ ಶಾಸ್ತ್ರ. ದಾಸೋಹ – ಸೇವಾಭಾವದಿಂದ ಮಾಡುವ ಅನ್ನದಾನ. ಹಿಂಗಾರಿ – ಮಳೆಗಾಲದ ಕೊನೆಯಲ್ಲಿ ಬಿತ್ತುವ ಬೆಳೆ.

ಅ. ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಕೊಪ್ಪಳದ ಪ್ರಾಚೀನ ಹೆಸರೇನು?
2. 'ಸೂಪಶಾಸ್ತ್ರ'ವನ್ನು ಬರೆದವರು ಯಾರು?
3. ಜೋಳದ ಹಿಟ್ಟಿಗೆ ಕುದಿಯುವ ನೀರನ್ನು ಏಕೆ ಹಾಕುತ್ತಾರೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ರೊಟ್ಟಿ ಮತ್ತು ಕಾಳುಪಲ್ಯ ಪರಸ್ಪರ ಹೇಗೆ ಪೂರಕವಾಗಿವೆ?
2. ತುಂಗಭದ್ರೆಯ ನೀರಿನಿಂದ ಜನರ ಊಟದಲ್ಲಿ ಆದ ಬದಲಾವಣೆಗಳಾವುವು?

ಇ. ಸಂದರ್ಭದೊಡನೆ ವಿವರಿಸಿರಿ.
1. "ಮೊದಲ ತುತ್ತು ಉಣ್ಣುವವರದಲ್ಲ, ಭೂಮಿಯದು."
2. "ಆ ಊಟವನ್ನು ಹೊಗಳಿ ಫಲವೇನು?"

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಊರೆಲ್ಲ, ಮಳೆಗಾಲ, ಕೈಯಲ್ಲಿ, ಮಹೋತ್ಸವ.

ಉ. ನಿಮ್ಮ ಮನೆಯಲ್ಲಿ ಒಂದು ವಾರ ಮಾಡಿದ ಅಡುಗೆಯನ್ನು ಬರೆದಿಟ್ಟು, ಪ್ರತಿದಿನದ ಊಟದಲ್ಲಿ ಧಾನ್ಯ, ಕಾಳು, ಸೊಪ್ಪುಗಳು ಇದ್ದುವೇ ಎಂಬುದನ್ನೂ, ಅದನ್ನು ಸಿದ್ಧಪಡಿಸಿದವರು ಯಾರೆಂಬುದನ್ನೂ ಗುರುತಿಸಿರಿ.