ಗುಂಡನ ಲೆಕ್ಕ ಯಾಕೆ ತಪ್ಪಿತು?

ನೋಡಮ್ಮ, ಕೆಲಸಕ್ಕೆ ಸೇರಿದ ಮೊದಲ ವರ್ಷ ಎಲ್ಲ ಟೀಚರುಗಳಿಗೂ ಕೆಂಪು ಪೆನ್ನಿನ ಮೇಲೆ ವಿಪರೀತ ಪ್ರೀತಿ. ನೋಟ್‌ಬುಕ್ ರಾಶಿ ಎದುರಿಗಿಟ್ಟುಕೊಂಡು ಸರಿ, ತಪ್ಪು, ಸಹಿ, ತಾರೀಖು ಅಂತ ಸರಸರ ಮುಗಿಸುತ್ತೇವೆ. ನಿನ್ನ ಶಾಲೆಯಲ್ಲಿ ಮಕ್ಕಳ ಕೈಗೆ ಸಿಗುವ ಕಂಪ್ಯೂಟರ್ ಒಂದೂ ಇಲ್ಲ, ಆದರೂ ಗಣನಾತ್ಮಕ ಚಿಂತನೆ ಕಲಿಸಿ ಅನ್ನುತ್ತಿದ್ದಾರೆ, ಎಲ್ಲಿಂದ ಶುರುಮಾಡಲಿ ಅಂತ ಕೇಳಿದೆಯಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಆ ಮಾತಿದೆ. ನನ್ನ ಕೇಳಿದರೆ, ನೀನು ಇಂಟು ಹಾಕಿ ಪಕ್ಕಕ್ಕಿಟ್ಟ ಲೆಕ್ಕಗಳಿಂದಲೇ ಶುರುಮಾಡು.

ಒಂದು ಉದಾಹರಣೆ ತೆಗೆದುಕೋ. 52ರಲ್ಲಿ 27 ಕಳೆಯಬೇಕು. ಇಬ್ಬರು ಮಕ್ಕಳು 35 ಅಂತ ಬರೆದಿದ್ದಾರೆ. ಉತ್ತರ 25, ಹಾಗಾಗಿ ಇಬ್ಬರಿಗೂ ಇಂಟು. ಪಕ್ಕದಲ್ಲಿ ಕೂತಿದ್ದರೆ ಒಬ್ಬ ಇನ್ನೊಬ್ಬನದು ನೋಡಿ ಬರೆದ ಅಂತ ಒಂದು ಏಟೂ ಬಿದ್ದೀತು. ಆದರೆ ಆ ಎರಡು 35ಗಳು ಬೇರೆ ಬೇರೆ ದಾರಿಯಲ್ಲಿ ಬಂದಿರಬಹುದು. ಒಬ್ಬ ಮೇಲೆ ಕೆಳಗೆ ನೋಡುವುದೇ ಇಲ್ಲ, ಯಾವಾಗಲೂ ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆಯುತ್ತಾನೆ. 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಇನ್ನೊಬ್ಬನಿಗೆ ಸಾಲ ತರಬೇಕು ಅನ್ನುವುದು ಗೊತ್ತಿದೆ. 12ರಲ್ಲಿ 7 ಹೋದರೆ 5, ಅಲ್ಲಿಗೆ ಸರಿ. ಆದರೆ ಸಾಲ ಕೊಟ್ಟ ಹತ್ತರ ಮನೆಯಲ್ಲಿ ಒಂದು ಕಡಿಮೆ ಮಾಡುವುದನ್ನು ಬಿಟ್ಟಿದ್ದಾನೆ. ಅವನಿಗೂ 35 ಬಂತು. ಮೊದಲನೆಯವನಿಗೆ ಸಾಲ ತರುವುದನ್ನೇ ಕಲಿಸಬೇಕು, ಎರಡನೆಯವನಿಗೆ ಒಂದೇ ಒಂದು ಹೆಜ್ಜೆ ನೆನಪಿಸಿದರೆ ಸಾಕು. ಕೆಂಪು ಪೆನ್ನಿಗೆ ಇಬ್ಬರೂ ಒಂದೇ.

ಈಗ ಮಕ್ಕಳನ್ನೇ ಕೇಳು: ಇವರಿಬ್ಬರೂ ಬೇರೆ ಬೇರೆ ತಪ್ಪು ಮಾಡುತ್ತಿದ್ದಾರೆ ಅಂತ ತೋರಿಸಬೇಕಾದರೆ ಯಾವ ಲೆಕ್ಕ ಕೊಡಬೇಕು? ಯಾರೋ 75ರಲ್ಲಿ 42 ಅನ್ನುತ್ತಾರೆ. ಅಲ್ಲಿ ಸಾಲವೇ ಬೇಕಿಲ್ಲ, ಇಬ್ಬರಿಗೂ 33 ಬರುತ್ತದೆ, ಅದೂ ಸರಿಯುತ್ತರ. ಇನ್ನೊಬ್ಬಳು 61ರಲ್ಲಿ 36 ಕೊಡೋಣ ಅನ್ನುತ್ತಾಳೆ. ಮಾಡಿಸಿ ನೋಡು, ಇಬ್ಬರಿಗೂ ಮತ್ತೆ 35! 83ರಲ್ಲಿ 46 ಕೊಟ್ಟರೆ ಮಾತ್ರ ಬಣ್ಣ ಬಯಲು: ಒಬ್ಬನಿಗೆ 43, ಇನ್ನೊಬ್ಬನಿಗೆ 47. ಹಾಗಾದರೆ ಕೆಲವು ಲೆಕ್ಕದಲ್ಲಿ ಮಾತ್ರ ಇಬ್ಬರೂ ಯಾಕೆ ಒಂದೇ ಉತ್ತರಕ್ಕೆ ಬರುತ್ತಾರೆ? ಇದನ್ನು ನೀನಾಗಿ ಹೇಳಬೇಡ, ಎರಡು ದಿನ ಹೋದರೂ ಪರವಾಗಿಲ್ಲ. ಬಿಡಿ ಸ್ಥಾನದ ಅಂಕಿಗಳ ನಡುವೆ 5 ವ್ಯತ್ಯಾಸ ಇದ್ದಾಗ ಹೀಗಾಗುತ್ತದೆ ಅಂತ ಹಿಂದಿನ ಬೆಂಚಿನಿಂದ ಯಾರಾದರೂ ಕೂಗಿದರೆ, ಆ ತರಗತಿ ಅಷ್ಟು ಹೊತ್ತೂ ಪ್ರೋಗ್ರಾಂ ಪರೀಕ್ಷಿಸುವವರು ಮಾಡುವ ಕೆಲಸವನ್ನೇ ಮಾಡಿದೆ ಅಂತ ತಿಳಿ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. 1978ರಲ್ಲಿ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಇದರ ಮೇಲೆ ಒಂದು ಪ್ರಬಂಧ ಬರೆದರು. ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳಲ್ಲಿ ಬಹಳಷ್ಟು ಬೇಜವಾಬ್ದಾರಿಯಿಂದ ಆಗುವಂಥವಲ್ಲ, ಮಗು ಯಾವುದೋ ತಪ್ಪು ನಿಯಮವನ್ನು ಶ್ರದ್ಧೆಯಿಂದ ಪಾಲಿಸುತ್ತಿರುತ್ತದೆ ಅನ್ನುವುದು ಅವರ ಮಾತು. ಕಂಪ್ಯೂಟರ್ ಪ್ರೋಗ್ರಾಮಿನ ತಪ್ಪಿಗೆ ಹೇಳುವ ಹಾಗೆ ಇದಕ್ಕೂ ಬಗ್ ಅಂತಲೇ ಕರೆದರು. 'ಬಗ್ಗಿ' ಅಂತ ಒಂದು ಪ್ರೋಗ್ರಾಂ ಮಾಡಿದ್ದರು. ಅದು ತಪ್ಪು ಲೆಕ್ಕ ಮಾಡುವ ವಿದ್ಯಾರ್ಥಿಯಂತೆ ನಟಿಸುತ್ತಿತ್ತು. ಶಿಕ್ಷಕರ ತರಬೇತಿಯಲ್ಲಿದ್ದವರು ಅದಕ್ಕೆ ಲೆಕ್ಕ ಕೊಟ್ಟು ಕೊಟ್ಟು ಅದರ ತಪ್ಪು ನಿಯಮ ಪತ್ತೆಮಾಡಬೇಕು. ನಿಯಮ ಗೊತ್ತಾಯಿತು ಅಂದರಷ್ಟೇ ಸಾಲದು, ಹೊಸ ಲೆಕ್ಕಕ್ಕೆ ಅದು ಯಾವ ತಪ್ಪು ಉತ್ತರ ಕೊಡುತ್ತದೆ ಅಂತ ಮುಂಚೆಯೇ ಹೇಳಿ ತೋರಿಸಬೇಕು. ಆ ಕೊನೆಯ ಷರತ್ತು ನನಗೆ ಬಹಳ ಹಿಡಿಸುತ್ತದೆ. ಸರಿಯುತ್ತರ ಹೇಳುವವರು ತರಗತಿಯಲ್ಲಿ ಹತ್ತು ಜನ ಸಿಗುತ್ತಾರೆ, ತಪ್ಪುತ್ತರವನ್ನು ಕರಾರುವಾಕ್ಕಾಗಿ ಊಹಿಸುವವರು ಕಡಿಮೆ.

ಆ ಆಟಕ್ಕೆ ನಿನಗೆ ಯಂತ್ರ ಬೇಕಿಲ್ಲ. ನಮಗೆ ಗುಂಡ ಇದ್ದಾನಲ್ಲ, ಜೋಕುಗಳ ಗುಂಡ. ಅವನ ಹೆಸರಲ್ಲಿ ಲೆಕ್ಕ ಬರೆದರೆ ಯಾರಿಗೂ ಅವಮಾನವಿಲ್ಲ. ನಿಜವಾದ ಮಗುವಿನ ತಪ್ಪನ್ನು ಮಾತ್ರ ಕರಿಹಲಗೆಯ ಮೇಲೆ ಹಾಕಬೇಡ, ಹೆಸರು ಒರೆಸಿದರೂ ಮಕ್ಕಳು ಅಕ್ಷರ ನೋಡಿಯೇ ಹಿಡಿದುಬಿಡುತ್ತವೆ. ಒಂದು ಮಗುವನ್ನು ಗುಂಡನನ್ನಾಗಿ ನಿಲ್ಲಿಸು, ಕಿವಿಯಲ್ಲಿ ಒಂದು ತಪ್ಪು ನಿಯಮ ಹೇಳು. ಉಳಿದವರು ಲೆಕ್ಕ ಕೇಳಲಿ. 50ರಲ್ಲಿ 27 ಕಳೆದು 37 ಅಂದ ಅಂತಿಟ್ಟುಕೋ. ಸೊನ್ನೆಯಲ್ಲಿ ಏನು ಕಳೆದರೂ ಅದೇ ಬರುತ್ತದೆ ಅಂದುಕೊಂಡಿದ್ದಾನೋ, ಅಥವಾ ಎಲ್ಲ ಕಡೆಯೂ ದೊಡ್ಡದರಲ್ಲೇ ಚಿಕ್ಕದನ್ನು ಕಳೆಯುತ್ತಾನೋ? 52ರಲ್ಲಿ 27 ಕೇಳಿದರೆ ಗೊತ್ತಾಗುತ್ತದೆ. ಮೊದಲನೆಯದಾದರೆ ಸೊನ್ನೆ ಇಲ್ಲದ ಕಡೆ ಸರಿಯಾಗಿ 25 ಅಂತಾನೆ.

ಸೊನ್ನೆ ಬಂದ ಕಡೆ ಮಕ್ಕಳು ಎಡವುವುದು ಹೆಚ್ಚು. 402ರಲ್ಲಿ 137 ಕಳೆದು 365 ಬರೆದ ಮಗು, ಸೊನ್ನೆಯನ್ನು 9 ಮಾಡಿದೆ, ಆದರೆ ನೂರರ ಮನೆಯ 4ನ್ನು ಮುಟ್ಟಿಲ್ಲ. ಮುಂದೆ ದಾರಿ ಕಾಣದಾಗ ಮಗು ಸುಮ್ಮನೆ ಕೂರುವುದಿಲ್ಲ, ತನಗೆ ತೋಚಿದ್ದೊಂದು ಮಾಡಿ ಮುಂದೆ ಹೋಗುತ್ತದೆ. ತಾಳೆ ನೋಡುವ ಅಭ್ಯಾಸ ಮಾಡಿಸು: 365ಕ್ಕೆ 137 ಕೂಡಿದರೆ 502. ಸರಿಯಾಗಿ ನೂರು ಜಾಸ್ತಿ. ಎಷ್ಟು ಜಾಸ್ತಿ ಅನ್ನುವುದೇ ತಪ್ಪು ಯಾವ ಮನೆಯಲ್ಲಿದೆ ಅಂತ ಹೇಳುತ್ತದೆ. ಭಿನ್ನರಾಶಿಯಲ್ಲೂ ಅಷ್ಟೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿ ಐದನೇ ಎರಡು ಬಂತು ಅಂದರೆ, ಕೂಡಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತೇ ಅಂತ ಕೇಳು, ಛೇದದ ಮಾತು ಆಮೇಲೆ.

ಎರಡು ಎಚ್ಚರಿಕೆ. ಸರಿಯಾದ ಕ್ರಮ ಇನ್ನೂ ಕೈಗೆ ಕೂರದ ಮಗುವಿಗೆ ತಪ್ಪು ಕ್ರಮ ತೋರಿಸಲು ಹೋಗಬೇಡ, ಎರಡೂ ಕಲಸಿಹೋಗುತ್ತವೆ. ಒಂದೇ ಒಂದು ಲೆಕ್ಕ ತಪ್ಪಿದ್ದಕ್ಕೆ ಪತ್ತೇದಾರಿಯೂ ಬೇಡ. ಮಗುವಿಗೆ ನಿದ್ದೆ ಬಂದಿರಬಹುದು, 6 ಅನ್ನುವುದು 0 ಥರ ಕಂಡಿರಬಹುದು. ಅದೇ ತಪ್ಪು ಮೂರು ನಾಲ್ಕು ಸಲ ಬಂದರೆ ಆಗ ನಿಯಮ ಹುಡುಕು. ಹುಡುಕಿದ್ದನ್ನು ನೋಟ್‌ಬುಕ್ಕಿನಲ್ಲಿ ಇಂಟು ಬದಲು ಒಂದು ಸಾಲಾಗಿ ಬರೆ: "ಸಾಲ ಕೊಟ್ಟ ಮನೆ ನೋಡು" ಅಂತ. ಎಲ್ಲರದಕ್ಕೂ ಹೀಗೆ ಬರೆಯಲು ನಿನಗೆ ಹೊತ್ತು ಸಿಗುವುದಿಲ್ಲ, ಅದು ನನಗೂ ಗೊತ್ತು. ದಿನಕ್ಕೆ ಐದು ಪುಸ್ತಕ ಸಾಕು.

ಈ ವರ್ಷ ಕಳೆಯುವ ಲೆಕ್ಕದಲ್ಲೇ ಇರು. ಭಾಗಾಕಾರದಲ್ಲಿ ಅಂದಾಜು, ಗುಣಿಸುವುದು, ಕಳೆಯುವುದು, ಮುಂದಿನ ಅಂಕಿ ಇಳಿಸುವುದು ಎಲ್ಲ ಒಂದರ ಮೇಲೊಂದು ಬರುತ್ತವೆ. ಅಲ್ಲಿ ಗುಂಡನನ್ನು ಹಿಡಿಯಲು ಹೋದರೆ ಮಕ್ಕಳಿಗಿಂತ ಮೊದಲು ನಿನಗೇ ತಲೆ ಕೆಡುತ್ತದೆ.