ಮಂಜಿನಲ್ಲಿ ತಡವಾದ ರೈಲು, ಕೈಯಲ್ಲಿರುವ ಟಿಕೆಟ್ಟು

ಕರ್ನಾಟಕ ಎಕ್ಸ್‌ಪ್ರೆಸ್ ಹೊರಡುವ ಹೊತ್ತಿಗೆ ನವದೆಹಲಿ ನಿಲ್ದಾಣದಲ್ಲಿ ನಿಂತರೆ ನಾಲ್ಕೂ ಕಡೆಯಿಂದ ಕನ್ನಡ ಕಿವಿಗೆ ಬೀಳುತ್ತದೆ. ಮೊಹರು ಹಾಕಿದ ಗಂಗಾಜಲದ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡ ಕಾಶಿಯಾತ್ರೆಯ ಹಿರಿಯರು, ಪರೀಕ್ಷೆ ಬರೆಯಲು ಬಂದ ಹುಡುಗರು, ರಜೆಯ ಮೇಲೆ ಊರಿಗೆ ಹೊರಟ ಸೈನಿಕರು. ಜನವರಿಯಲ್ಲಾದರೆ ಇವರಲ್ಲಿ ಹಲವರು ಕಂಬಳಿ ಹೊದ್ದು ನೆಲದ ಮೇಲೆ ಕೂತಿರುತ್ತಾರೆ. ಫಲಕದಲ್ಲಿ ಒಂದು ಗಂಟೆ ತಡ ಎಂದಿದ್ದದ್ದು ಮೂರಾಗಿ, ಐದಾಗಿ ಬೆಳೆಯುತ್ತಿರುತ್ತದೆ. ‘ಮಂಜು ಬಿದ್ದರೆ ರೈಲ್ವೆಯವರಾದರೂ ಏನು ಮಾಡ್ತಾರೆ ಬಿಡಿ’ ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತಾರೆ. ಈ ಸಹನೆ ಕಂಡರೆ ನನಗೆ ಗೌರವ, ಜೊತೆಗೆ ಸಂಕಟ. ಹಾಗೆ ಕೂತಿರುವಾಗಲೇ ಟಿಕೆಟ್ಟಿನ ಪೂರ್ತಿ ಹಣ ವಾಪಸ್ ಕೇಳುವ ಹಕ್ಕು ಅವರಿಗೆ ಹುಟ್ಟಿರುತ್ತದೆ. ರೈಲು ಕದಲಿತೆಂದರೆ ಅದು ಹೋಯಿತು.

ಮಂಜಿನಲ್ಲಿ ರೈಲು ನಿಧಾನವಾಗುವುದರ ಬಗ್ಗೆ ನನಗೆ ತಕರಾರಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿ ಮಧ್ಯದವರೆಗೆ ಗಂಗಾ–ಯಮುನಾ ಬಯಲಿನಲ್ಲಿ ಕವಿಯುವ ಮಂಜಿಗೆ ಎಂಜಿನ್ನಿನ ಮುಂದಿನ ಹಳಿಯೇ ಕಾಣದಂತಾಗುತ್ತದೆ. ಸಿಗ್ನಲ್ ಕಾಣದೆ ಲೋಕೋ ಪೈಲಟ್ ವೇಗವಾಗಿ ಓಡಿಸುವಂತಿಲ್ಲ. ಹಿಂದೆ ಗಂಟೆಗೆ 60 ಕಿ.ಮೀ. ಮಿತಿಯಿತ್ತು, ಮುಂದೆ ಬರುವ ಸಿಗ್ನಲ್‌ನ ಸುಳಿವು ಕೊಡುವ, ಜಿಪಿಎಸ್ ಆಧಾರದ ‘ಫಾಗ್ ಪಾಸ್’ ಉಪಕರಣ ಬಂದ ಮೇಲೆ ಅದು 75ಕ್ಕೆ ಏರಿತು. ಈಗಲೂ ಸಿಗ್ನಲ್‌ಗೆ ಮುಂಚೆ ಹಳಿಯ ಮೇಲೆ ಪಟಾಕಿ ಇಟ್ಟು, ಗಾಲಿ ಹಾದಾಗ ಆಗುವ ಸದ್ದಿನಿಂದ ಚಾಲಕರನ್ನು ಎಚ್ಚರಿಸುವ ಪದ್ಧತಿ ಉಂಟು. ಚಳಿಗೆ ಉಕ್ಕು ಕುಗ್ಗಿ ಹಳಿ ಬಿರುಕು ಬಿಡುವುದರಿಂದ, ಗ್ಯಾಂಗ್‌ಮನ್‌ಗಳು ನಡುರಾತ್ರಿಯಲ್ಲಿ ಟಾರ್ಚ್ ಹಿಡಿದು ಹಳಿಗುಂಟ ನಡೆಯುತ್ತಾರೆ. ನಾವು ಬೆಚ್ಚಗೆ ಮಲಗಿ ಊರು ಸೇರುವುದು ಅವರ ಕಾಲ್ನಡಿಗೆಯಿಂದ. ಜೀವ ಉಳಿಸಲು ನಿಧಾನ ಮಾಡಿದ್ದು ಸರಿಯೇ. ಆ ನಿಧಾನದಿಂದ ಪ್ರಯಾಣವೇ ವ್ಯರ್ಥವಾದವನಿಗೆ ಹಣ ಹಿಂದಿರುಗಿಸುವುದೂ ಅಷ್ಟೇ ಸರಿ.

ಹಣ ವಾಪಸಾತಿಗೆ 2015ರ ನವೆಂಬರ್ 12ರಿಂದ ಜಾರಿಯಲ್ಲಿರುವ ನಿಯಮಗಳಿವೆ. ನೀವು ಹತ್ತಬೇಕಾದ ನಿಲ್ದಾಣದಿಂದ ರೈಲು ಹೊರಡುವುದು 3 ಗಂಟೆಗಿಂತ ಹೆಚ್ಚು ತಡವಾದರೆ, ಮತ್ತು ನೀವು ಪ್ರಯಾಣ ಮಾಡದೇ ಇದ್ದರೆ, ಯಾವ ಕಡಿತವೂ ಇಲ್ಲದೆ ಪೂರ್ತಿ ಹಣ ಸಿಗಬೇಕು. ಖಚಿತ ಟಿಕೆಟ್, ಆರ್‌ಎಸಿ, ವೇಟಿಂಗ್ ಲಿಸ್ಟ್ ಎಲ್ಲಕ್ಕೂ ಇದು ಅನ್ವಯ. ತತ್ಕಾಲ್ ಟಿಕೆಟ್ಟಿಗೆ ನಯಾಪೈಸೆ ವಾಪಸ್ ಬರುವುದಿಲ್ಲ ಎಂದು ನಂಬಿ ಕೈಚೆಲ್ಲುವವರು ಬಹಳ. 3 ಗಂಟೆ ಮೀರಿದ ತಡಕ್ಕೆ ತತ್ಕಾಲ್‌ಗೂ ಪೂರ್ತಿ ಹಣವುಂಟು. ಆದರೆ ಅಲ್ಲಿ ತಡವನ್ನು ಅಳೆಯುವುದು ಟಿಕೆಟ್ ಶುರುವಾಗುವ ನಿಲ್ದಾಣದಲ್ಲಿ, ನೀವು ಬದಲಿಸಿಕೊಂಡ ಬೋರ್ಡಿಂಗ್ ನಿಲ್ದಾಣದಲ್ಲಲ್ಲ.

ಇದು ಉತ್ತರದವರಿಗೆ ಮಾತ್ರ ಎಂದುಕೊಳ್ಳಬೇಡಿ. ದೆಹಲಿಯಿಂದ ಹತ್ತು ಗಂಟೆ ತಡವಾಗಿ ಬಂದ ಬೋಗಿಗಳೇ ತೊಳೆಸಿಕೊಂಡು ಮತ್ತೆ ಉತ್ತರಕ್ಕೆ ಹೊರಡಬೇಕು. ಹಾಗಾಗಿ ಮಂಜಿನ ಸುಳಿವೇ ಇಲ್ಲದ ಬೆಂಗಳೂರಿನಲ್ಲೂ ರೈಲು ತಡವಾಗಿ ಬಿಡುವುದುಂಟು. ತಡಕ್ಕೆ ಕಾರಣ ಎಲ್ಲಿ ಹುಟ್ಟಿತು ಎಂದು ನಿಯಮ ಕೇಳುವುದಿಲ್ಲ. ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು: ಬೆಂಗಳೂರಿನಿಂದ ಸರಿಯಾದ ವೇಳೆಗೆ ಹೊರಟು ದೆಹಲಿಗೆ ಒಂಬತ್ತು ಗಂಟೆ ತಡವಾಗಿ ತಲುಪಿದರೆ ಈ ನಿಯಮದಡಿ ಬಿಡಿಗಾಸೂ ಬರುವುದಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನಿಯಮ ಮಾತ್ರ ಹಾಗಿದೆ.

ಈಗ ಹೆಚ್ಚು ಜನ ಎಡವುವ ಜಾಗ. ಕೌಂಟರ್‌ನಲ್ಲಿ ಕೊಂಡ ಟಿಕೆಟ್ಟಾದರೆ ರೈಲು ನಿಜವಾಗಿ ಹೊರಡುವ ಮೊದಲು ಅದನ್ನು ಕೌಂಟರ್‌ಗೆ ಒಪ್ಪಿಸಬೇಕು. ಇ-ಟಿಕೆಟ್ ಆದರೆ ಐಆರ್‌ಸಿಟಿಸಿ ಖಾತೆಯೊಳಗೆ ಟಿಡಿಆರ್ ಎಂಬ ಹಣ ವಾಪಸಾತಿ ಅರ್ಜಿ ಸಲ್ಲಿಸಬೇಕು. ಅದೂ ರೈಲು ನಿಮ್ಮ ನಿಲ್ದಾಣ ಬಿಡುವ ಮೊದಲು. ಅಲ್ಲಿ ಕೊಟ್ಟಿರುವ ಕಾರಣಗಳಲ್ಲಿ ‘ರೈಲು 3 ಗಂಟೆಗಿಂತ ಹೆಚ್ಚು ತಡ, ಪ್ರಯಾಣ ಮಾಡಿಲ್ಲ’ ಎಂಬುದನ್ನೇ ಆರಿಸಿ, ಜೊತೆಯಲ್ಲಿ ಪ್ರಯಾಣ ಬಿಟ್ಟ ಎಲ್ಲರ ಹೆಸರಿಗೂ ಗುರುತು ಹಾಕಿ. ಗಾಬರಿಯಲ್ಲಿ ಮಾಮೂಲಿ ರದ್ದತಿಯ ಗುಂಡಿ ಒತ್ತಿದರೆ ಶುಲ್ಕ ಮುರಿದುಕೊಳ್ಳುತ್ತಾರೆ. ಮನೆಗೆ ಹೋಗಿ ನಿಧಾನವಾಗಿ ಮಾಡೋಣ ಎಂದುಕೊಂಡರೂ ಕೆಲಸ ಕೆಟ್ಟಿತು. ಅಪ್ಪ ಅಮ್ಮನಿಗೆ ಮೊಬೈಲ್ ಅಷ್ಟಾಗಿ ಬಾರದಿದ್ದರೆ, ಟಿಕೆಟ್ ಮಾಡಿಸಿಕೊಟ್ಟ ಮಗ ಹುಬ್ಬಳ್ಳಿಯಲ್ಲಿ ಕೂತೇ ತನ್ನ ಖಾತೆಯಿಂದ ಟಿಡಿಆರ್ ಹಾಕಬಹುದು.

ಕಾಶಿಯಿಂದ ದೆಹಲಿಗೆ ಒಂದು ರೈಲು, ಅಲ್ಲಿಂದ ಬೆಂಗಳೂರಿಗೆ ಮತ್ತೊಂದು ಎಂದು ಹೊರಡುವವರಿಗೆ ಬೇರೆ ರಕ್ಷಣೆಯಿದೆ. ಎರಡೂ ಪಿಎನ್‌ಆರ್‌ಗಳನ್ನು ಜೋಡಿಸುವ ಸೌಲಭ್ಯ 2019ರ ಏಪ್ರಿಲ್ 1ರಿಂದ ಇದೆ. ಪ್ರಯಾಣಿಕರ ವಿವರ ಎರಡರಲ್ಲೂ ಒಂದೇ ಆಗಿರಬೇಕು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿಹೋದರೆ, ಮೊದಲನೆಯದು ತಲುಪಿದ 3 ಗಂಟೆಯೊಳಗೆ ಕೌಂಟರ್ ಟಿಕೆಟ್ ಒಪ್ಪಿಸಿ, ಇ-ಟಿಕೆಟ್ ಆದರೆ ಟಿಡಿಆರ್ ಹಾಕಿ. ಪ್ರಯಾಣಿಸದ ಭಾಗದ ಹಣ ಕಡಿತವಿಲ್ಲದೆ ಬರಬೇಕು. ಚಳಿಗಾಲದಲ್ಲಿ ಉತ್ತರಕ್ಕೆ ಹೊರಡುವವರು ಪಿಎನ್‌ಆರ್ ಜೋಡಿಸದೆ ಟಿಕೆಟ್ ಮಾಡಿಸಲೇಬೇಡಿ.

ರೈಲೇ ರದ್ದಾದರೆ ದಾರಿ ಸಲೀಸು. ಇ-ಟಿಕೆಟ್ಟಿನ ಹಣ ಕೇಳದೆಯೇ ಖಾತೆಗೆ ಬರುತ್ತದೆ. ಕೌಂಟರ್ ಟಿಕೆಟ್ಟನ್ನು 3 ದಿನದೊಳಗೆ ಒಪ್ಪಿಸಬೇಕು. ಕಾಶ್ಮೀರಕ್ಕೆ ಹೋಗುವವರು ಇದನ್ನು ನೆನಪಿಡಿ. 2025ರ ಜೂನ್ 6ರಂದು ಉದ್ಘಾಟನೆಯಾದ ಕಟ್ರಾ–ಶ್ರೀನಗರ ವಂದೇ ಭಾರತ್‌ನಲ್ಲಿ ಚಾಲಕರ ಗಾಜಿಗೆ ಹಿಮ ಕಟ್ಟದಂತೆ, ನೀರಿನ ಟ್ಯಾಂಕು ಹೆಪ್ಪುಗಟ್ಟದಂತೆ ಬಿಸಿ ಮಾಡುವ ವ್ಯವಸ್ಥೆಯಿದೆ. ಆದರೂ ಬನಿಹಾಲ್ ಕಡೆ ಭಾರಿ ಹಿಮ ಬಿದ್ದ ದಿನ ಹಳಿ ತೆರವಾಗುವವರೆಗೆ ಕಾಯಬೇಕಾಗಬಹುದು. ಅಲ್ಲಿಂದ ಮುಂದಕ್ಕೆ ವಿಮಾನದ ಟಿಕೆಟ್ ಇದ್ದರೆ ನಡುವೆ ಒಂದು ದಿನ ಬಿಟ್ಟುಕೊಳ್ಳಿ.

ಟಿಕೆಟ್ ಹಣದ ಆಚೆಗಿನ ನಷ್ಟ? ವಿಮಾನ ತಪ್ಪಿತು, ಹೋಟೆಲ್ ಮುಂಗಡ ಮುಳುಗಿತು. ತಡಕ್ಕೆ ತಾನು ಹೊಣೆಯಲ್ಲ ಎಂಬ ತನ್ನ ನಿಯಮಗಳನ್ನು ರೈಲ್ವೆ ಮುಂದಿಡುತ್ತದೆ. ಇದನ್ನು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್ 6ರ ತೀರ್ಪಿನಲ್ಲಿ ಒಪ್ಪಲಿಲ್ಲ. ಅಜ್ಮೀರ್–ಜಮ್ಮು ರೈಲು ಸುಮಾರು 4 ಗಂಟೆ ತಡವಾಗಿ, ಶ್ರೀನಗರದ ವಿಮಾನ ತಪ್ಪಿಸಿಕೊಂಡು, ಕುಟುಂಬವೊಂದು ಟ್ಯಾಕ್ಸಿ ಹಿಡಿದ ಪ್ರಕರಣ ಅದು. ತಡಕ್ಕೆ ಕಾರಣ ತನ್ನ ಕೈಮೀರಿದ್ದಾಗಿತ್ತು ಎಂದು ಸಾಕ್ಷ್ಯಸಮೇತ ತೋರಿಸುವ ಹೊಣೆ ರೈಲ್ವೆಯದೇ ಎಂದು ನ್ಯಾಯಾಲಯ ಹೇಳಿ, ಕುಟುಂಬಕ್ಕೆ ಸಿಕ್ಕಿದ್ದ ಪರಿಹಾರವನ್ನು ಎತ್ತಿಹಿಡಿಯಿತು. ಮಂಜಿನ ವಿಷಯದಲ್ಲಿ ರೈಲ್ವೆಗೆ ಆ ಸಾಕ್ಷ್ಯ ಒದಗಿಸುವುದು ಹೆಚ್ಚು ಸುಲಭ, ಅದನ್ನು ಮರೆಯಬಾರದು. ಆದರೆ ‘ಮಂಜಿತ್ತು’ ಎಂಬ ಒಂದೇ ಪದ ಸಾಕ್ಷ್ಯವಾಗುವುದಿಲ್ಲ. ಯಾವ ಭಾಗದಲ್ಲಿ, ಎಷ್ಟು ಹೊತ್ತು, ತಡದಲ್ಲಿ ಅದರ ಪಾಲೆಷ್ಟು ಎಂದು ಕೇಳುವುದು ನ್ಯಾಯ.

ಇಂಥ ದೂರಿಗೆ ದೆಹಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ, ಘಟನೆ ನಡೆದ 2 ವರ್ಷದೊಳಗೆ, ವಕೀಲರಿಲ್ಲದೆಯೂ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ‘ಇ-ಜಾಗೃತಿ’ ತಾಣದಲ್ಲಿ ಆನ್‌ಲೈನ್ ಸಲ್ಲಿಕೆಯೂ ಇದೆ. ಬರೀ ಟಿಕೆಟ್ ಹಣ ನಿರಾಕರಿಸಿದ ಜಗಳವಾದರೆ ಅದರ ಜಾಗ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್. ಬೆಂಗಳೂರಿನಲ್ಲೇ ಅದರ ಪೀಠವಿದೆ, ಹಣ ಕಟ್ಟಿದ 3 ವರ್ಷದೊಳಗೆ ಅರ್ಜಿ ಹಾಕಬೇಕು. ಈ ಎರಡನ್ನೂ ಬೆರೆಸಿಕೊಂಡು ತಪ್ಪು ಬಾಗಿಲು ತಟ್ಟಿದರೆ ವರ್ಷಗಳು ಹಾಳಾಗುತ್ತವೆ.

ಬಾಗಿಲು ಯಾವುದಾದರೂ ಕಾಗದ ಬೇಕು. ರೈಲಿನ ತಡ ತೋರಿಸುವ ಎನ್‌ಟಿಇಎಸ್ ಪುಟವನ್ನು ಮೊಬೈಲಿನಲ್ಲಿ ದಿನಾಂಕ, ಸಮಯ ಕಾಣುವಂತೆ ಹಿಡಿದಿಡಿ, ನಿಲ್ದಾಣದ ಫಲಕದ ಫೋಟೊ ತೆಗೆಯಿರಿ, ಟ್ಯಾಕ್ಸಿಯ ರಸೀದಿ ಬಿಸಾಡಬೇಡಿ. ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ಅಥವಾ ‘ರೈಲ್ ಮದದ್’ ತಾಣದಲ್ಲಿ ದೂರು ಬರೆಸಿ ಅದರ ಸಂಖ್ಯೆಯನ್ನು ಟಿಕೆಟ್ಟಿನ ಹಿಂದೆಯೇ ಗೀಚಿಕೊಳ್ಳಿ. ಪ್ಲಾಟ್‌ಫಾರಂನಲ್ಲಿ ಪಕ್ಕದಲ್ಲಿ ಕೂತ ಹಿರಿಯರ ಟಿಕೆಟ್ಟನ್ನೂ ಒಮ್ಮೆ ಕೇಳಿ ನೋಡಿ. ಅವರ 3 ಗಂಟೆಯೂ ಆಗಲೇ ಮುಗಿದಿರಬಹುದು.