ರಿಪೇರಿ ಆದರೂ ಇಂಜಿನ್ ದೀಪ ಮತ್ತೆ ಉರಿಯುತ್ತಿದೆಯೇ?

ಪಶು ಆಹಾರದ ಚೀಲ, ಹಸಿ ಹುಲ್ಲು, ಹಾಲಿನ ಕ್ಯಾನ್ ಸಾಗಿಸಲು ನಿಮ್ಮ ಮನೆಯಲ್ಲಿ ಡೀಸೆಲ್ ಪಿಕಪ್ ಇದೆಯೇ? ಹಾಗಿದ್ದರೆ ಇಂಜಿನ್ ಚಿತ್ರದ ಹಳದಿ ದೀಪ ನಿಮಗೆ ಪರಿಚಿತವೇ ಇರಬೇಕು. ಗ್ಯಾರೇಜಿನಲ್ಲಿ ಸೆನ್ಸರ್ ಬದಲಿಸಿದರು, ದೀಪ ಆರಿತು, ಬಿಲ್ ಕೊಟ್ಟು ಬಂದಿರಿ. ನಾಲ್ಕನೇ ದಿನ ಮತ್ತೆ ಅದೇ ದೀಪ. ಹಾಲಿನ ಬಟವಾಡೆಯ ಹಣ ಎರಡನೇ ಸಲ ಗ್ಯಾರೇಜಿಗೆ ಹೋಗುವ ಮೊದಲು ಇದನ್ನು ಓದಿ.

ಕೆಚ್ಚಲು ಬಾವು ಬಂದ ಹಸುವಿಗೆ ಜ್ವರದ ಇಂಜೆಕ್ಷನ್ ಮಾತ್ರ ಕೊಟ್ಟರೆ ಮೈಬಿಸಿ ಇಳಿಯುತ್ತದೆ, ಬಾವು ಉಳಿಯುತ್ತದೆ. ದೀಪ ಆರಿಸುವುದೂ ಹೀಗೆಯೇ. ಸ್ಕ್ಯಾನರ್ ಜೋಡಿಸಿ ಕೋಡ್ ಅಳಿಸಿದರೆ ದೀಪ ಆರುತ್ತದೆ. ಆಮೇಲೆ ಇಂಜಿನ್ನಿನ ಕಂಪ್ಯೂಟರ್ ತನ್ನ ತಪಾಸಣೆಯನ್ನು ಮೊದಲಿನಿಂದ ಶುರು ಮಾಡಬೇಕು. ಎಷ್ಟೋ ದೋಷಗಳು ಒಂದಕ್ಕಿಂತ ಹೆಚ್ಚು ಓಡಾಟಗಳಲ್ಲಿ ಕಂಡ ಮೇಲಷ್ಟೇ ಅದು ದೀಪ ಹೊತ್ತಿಸುತ್ತದೆ. ಹೀಗಾಗಿ ಗ್ಯಾರೇಜಿನಿಂದ ಹೊರಡುವಾಗ ದೀಪ ಇರಲಿಲ್ಲ ಎಂಬುದು ರಿಪೇರಿ ಸರಿಯಾಗಿದೆ ಎನ್ನಲು ಸಾಕ್ಷಿಯಲ್ಲ.

ದೀಪ ಮರಳಿದಾಗ ಮೊದಲ ಪ್ರಶ್ನೆ: ಹಳೆಯ ಕೋಡೇ ಬಂದಿದೆಯೇ, ಬೇರೆಯದೇ? ಅಳಿಸುವ ಮುನ್ನ ಕೋಡನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಏನು ತೊಂದರೆ ಎಂದು ಕೋಡ್ ಹೇಳುತ್ತದೆಯೇ ಹೊರತು ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ.

ಪಿ2463 ಎಂಬ ಕೋಡನ್ನೇ ನೋಡಿ. ಹೊಗೆ ಸೋಸುವ ಡಿಪಿಎಫ್ ಫಿಲ್ಟರಿನಲ್ಲಿ ಮಸಿ ಹೆಚ್ಚಾಗಿದೆ ಎಂದು ಇದರರ್ಥ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲಿನ ಡೀಸೆಲ್ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಈ ಫಿಲ್ಟರ್ ಇರುತ್ತದೆ. ಮಸಿಯನ್ನು ಅದು ತಾನೇ ಸುಟ್ಟುಕೊಳ್ಳುತ್ತದೆ, ಆದರೆ ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬೆಳಿಗ್ಗೆ ಸಂಘಕ್ಕೆ ಎರಡು ಕಿಲೋಮೀಟರ್ ಹೋಗಿ ಬಂದು, ಮತ್ತೆ ನಂತೂರು ವೃತ್ತದ ಸಾಲಿನಲ್ಲಿ ನಿಂತರೆ ಆ ಶಾಖ ಎಲ್ಲಿಂದ ಬರಬೇಕು? ಇಲ್ಲಿ ಸೆನ್ಸರ್ ಬದಲಿಸಿ ಫಲವಿಲ್ಲ. ಕೈಪಿಡಿಯಲ್ಲಿ ಹಾಗೆ ಮಾಡಲು ಹೇಳಿದ್ದರೆ, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಸುರತ್ಕಲ್ ಕಡೆಗೆ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಬಹುದು. ವಾಹನದ ಎಳೆತ ಕುಗ್ಗಿದ್ದರೆ ಅದನ್ನು ಮಾಡಬೇಡಿ, ನೇರ ಗ್ಯಾರೇಜಿಗೆ ಒಯ್ಯಿರಿ. ಹೀಗೆ ಓಡಿಸಿದರೂ ಬೇಗನೆ ಮಸಿ ತುಂಬಿದರೆ ಸೋರುವ ಇಂಜೆಕ್ಟರ್, ಸೆನ್ಸರಿಗೆ ಹೋಗುವ ಬಿರುಕುಬಿಟ್ಟ ಸಣ್ಣ ಕೊಳವೆ ಇವನ್ನು ನೋಡಿಸಬೇಕು.

ಮಸಿ ಸುಡುವಾಗ ಸೈಲೆನ್ಸರ್ ವಿಪರೀತ ಬಿಸಿಯಾಗಿರುತ್ತದೆ. ಆ ಹೊತ್ತಿನಲ್ಲಿ ಬೈಹುಲ್ಲು ಚೆಲ್ಲಿದ ಅಂಗಳದಲ್ಲೋ ಹುಲ್ಲಿನ ಬಣವೆಯ ಪಕ್ಕದಲ್ಲೋ ಗಾಡಿ ನಿಲ್ಲಿಸಿದರೆ ಬೆಂಕಿ ತಗಲಬಹುದು. ಮನೆಯವರಿಗೆಲ್ಲ ಇದನ್ನು ಹೇಳಿಡಿ. ಇನ್ನೊಂದು, ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಇಂಜಿನ್ ಆಯಿಲ್‌ಗೆ ಸೇರುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲ್ ಮೇಲಿನ ಗೆರೆ ದಾಟಿದ್ದರೆ ಆಯಿಲ್ ಬದಲಿಸಲೇಬೇಕು.

ದೀಪ ಒಂದು ದಿನ ಉರಿದು ಮತ್ತೊಂದು ದಿನ ಇಲ್ಲದಿದ್ದರೆ ವೈರಿಂಗ್ ಮೇಲೆ ಅನುಮಾನಪಡಿ. ನಮ್ಮ ಮಳೆಗಾಲದ ತೇವಕ್ಕೂ ಕಡಲ ಗಾಳಿಗೂ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ರಾತ್ರಿ ಗಾಡಿಯಲ್ಲೇ ಹಿಂಡಿ ಬಿಟ್ಟರೆ ಇಲಿಗಳು ಬಂದು ವೈರನ್ನೂ ಕಡಿಯುತ್ತವೆ. ಹೊಸ ಸೆನ್ಸರಿಗೆ ಹಣ ತೆರುವ ಮೊದಲು ವೈರ್ ನೋಡಿಸುವುದು ಅಗ್ಗ.

ಫಿಲ್ಟರನ್ನೇ ಕಿತ್ತು ಹಾಕಿದರೆ ರಗಳೆ ಇಲ್ಲ ಎನ್ನುವವರೂ ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ. ಒಪ್ಪಬೇಡಿ.

ಹಳದಿ ದೀಪಕ್ಕೆ ಒಂದೆರಡು ದಿನದಲ್ಲಿ ಸಮಯ ಮಾಡಿಕೊಂಡರಾದೀತು. ಆಯಿಲ್ ಡಬ್ಬಿಯ ಚಿತ್ರದ ಕೆಂಪು ದೀಪ ಬಂದರೆ ಮಾತ್ರ ಕ್ಯಾನ್ ತಲುಪಿಸುವ ಅವಸರ ಬಿಟ್ಟು ಅಲ್ಲಿಯೇ ಇಂಜಿನ್ ನಿಲ್ಲಿಸಿ, ಹಾಲಿಗೆ ಬೇರೆ ಗಾಡಿ ಕರೆಸಿ.